ಅಲ್ಪಕಂಠ

ಸಂಗೀತ ಕಚೇರಿಗೆ ಹೋಗಿ ಬಂದು ಅದರ ವಿಷಯವಾಗಿ ಬರೆಯುವವರು ಸಾಮಾನ್ಯವಾಗಿ ಸಂಗೀತವನ್ನು ಬಲ್ಲವರಾಗಿರುತ್ತಾರೆ. ನಾವು ಬಲ್ಲವರಲ್ಲ. ಮೂವತ್ತು ವರ್ಷಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತರಾದವರು. ರಾಗಗಳಲ್ಲಿ ಐದಾರನ್ನು ಗುರುತಿಸಬಲ್ಲೆವು, ಅದೂ ಪರಿಚಿತವಾದ ಕೀರ್ತನೆಯನ್ನೇ ಹಾಡಿದರೆ. ಆದರೂ ಕಳೆದ ಶರದೃತುವಿನಲ್ಲಿ ಅಮೆರಿಕ ದೇಶದ ಕೇಂಬ್ರಿಜ್ ಎಂಬ ಊರಿನ ಒಂದು ನೆಲಮಾಳಿಗೆಯಲ್ಲಿ ಕೇಳಿದ ಹಾಡಿಕೆಯ ಸಂಗತಿಯನ್ನು ಬರೆಯದೆ ಇರಲಾರೆವು. ಅದಕ್ಕೆ ಕಾರಣವು ಸಂಗೀತವೊಂದೇ ಅಲ್ಲವೆಂಬುದು ವಾಚಕರಿಗೆ ಮುಂದೆ ತಿಳಿದೀತು.

ನಮ್ಮ ಒಬ್ಬಳೇ ಮಗಳು ಆ ಊರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಅವಳ ಒತ್ತಾಯದಿಂದ ನಾವೂ ನಮ್ಮ ಗೃಹಿಣಿಯೂ ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆವು. ಮರಗಳೆಲ್ಲ ಕೆಂಪಾಗಿ ಹಳದಿಯಾಗಿ ಎಲೆಯುದುರಿಸುವ ಕಾಲ. ಒಂದು ದಿನ ಮಗಳು ಕೆಲಸದಿಂದ ಬಂದವಳೇ, “ಅಪ್ಪ, ನಾಳೆ ಸಾಯಂಕಾಲ ಹಾಡು ಕೇಳುವುದಕ್ಕೆ ಹೋಗೋಣ. ಚಿಕ್ಕ ಜಾಗ, ಗದ್ದಲವಿರುವುದಿಲ್ಲ. ಇಂಡೀ ಫೋಕ್ ಅಂತ ಅದಕ್ಕೆ ಹೆಸರು” ಎಂದಳು.

“ಇಂಡಿಯೆ? ನಿಂಬೆಹಣ್ಣಿನ ಇಂಡಿಯವರು ಇಲ್ಲಿಗೂ ಬಂದುಬಿಟ್ಟರೇನೆ?” ಎಂದು ನಮ್ಮ ಗೃಹಿಣಿಯು ಅಡಿಗೆಮನೆಯಿಂದಲೇ ಕೇಳಿದಳು. ಆಕೆಯ ತೌರಿನ ಕಡೆಯ ನೆಂಟರೊಬ್ಬರು ಕೆಲವು ವರ್ಷ ವಿಜಾಪುರದ ಕಡೆಯ ಇಂಡಿಯಲ್ಲಿ ನೌಕರಿಯಲ್ಲಿದ್ದು, ಬಂದಾಗಲೆಲ್ಲ ಚೀಲದ ತುಂಬ ನಿಂಬೆಹಣ್ಣು ತರುತ್ತಿದ್ದರು.

ಮಗಳು ನಕ್ಕು ವಿವರಿಸಿದಳು. ಸ್ವತಂತ್ರವೆಂಬ ಅರ್ಥದ ಇಂಗ್ಲಿಷ್ ಶಬ್ದವನ್ನು ಮೊಟಕು ಮಾಡಿ ಇಂಡೀ ಎನ್ನುತ್ತಾರಂತೆ. ದೊಡ್ಡ ದೊಡ್ಡ ಧ್ವನಿಮುದ್ರಣ ಕಂಪೆನಿಗಳ ಹಂಗಿಲ್ಲದೆ, ತಾವೇ ಹಾಡು ಕಟ್ಟಿ, ತಾವೇ ಮುದ್ರಿಸಿ, ಊರೂರು ಅಲೆದು ಹಾಡುವವರ ಸಂಗೀತವಿದು. ಜಸ್ಟಿನ್ ವರ್ನನ್ ಎಂಬ ತರುಣನೊಬ್ಬನು, ತನ್ನ ವಾದ್ಯಗೋಷ್ಠಿ ಒಡೆದುಹೋಗಿ, ಆರೋಗ್ಯವೂ ಕೆಟ್ಟು, 2006–07ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ಸೀಮೆಯ ಕಾಡಿನೊಳಗೆ ತಂದೆಯ ಬೇಟೆಯ ಗುಡಿಸಲಿಗೆ ಹೋಗಿ ಒಬ್ಬನೇ ಇದ್ದು ಹಾಡುಗಳನ್ನು ಮುದ್ರಿಸಿಕೊಂಡನು. 2007ರಲ್ಲಿ ತಾನಾಗಿಯೇ ಹೊರತಂದ ಆ ಸಂಪುಟವು ಕಾಲಕ್ರಮದಲ್ಲಿ ಲೋಕವಿಖ್ಯಾತವಾಯಿತು. ಅದಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ನಿಕ್ ಡ್ರೇಕ್ ಎಂಬವನಿದ್ದನು. ಪಿಸುಮಾತಿಗಿಂತ ತುಸುವೇ ಮೇಲಾದ ದನಿ, ವೇದಿಕೆಯೆಂದರೆ ಭಯ. ಮೂರು ಸಂಪುಟಗಳನ್ನು ಹಾಡಿ, ಕೊಳ್ಳುವವರಿಲ್ಲದೆ, 1974ರಲ್ಲಿ 26ನೆಯ ವಯಸ್ಸಿಗೇ ತೀರಿಕೊಂಡನು. ಸುಮಾರು ಇಪ್ಪತ್ತೈದು ವರ್ಷಗಳ ತರುವಾಯ ಮೋಟಾರು ಗಾಡಿಯ ಜಾಹೀರಾತೊಂದರಲ್ಲಿ ಅವನ ಹಾಡನ್ನು ಬಳಸಿದರೆಂದು ಜನರು ಅವನನ್ನು ಹುಡುಕಿಕೊಂಡು ಹೋದರು. ಇಂದಿನ ಮೆಲುದನಿಯ ಗಾಯಕರಿಗೆ ಅವನು ಒಂದು ಬಗೆಯ ಮೂಲಪುರುಷನೆಂದು ಮಗಳು ಹೇಳಿದಳು. ಇಷ್ಟೆಲ್ಲವನ್ನು ಇವಳು ಯಾವಾಗ ತಿಳಿದುಕೊಂಡಳೆಂದು ನಾವು ಕೇಳಲಿಲ್ಲ.

ಆದರೆ ಫೋಕ್ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. “ಜಾನಪದವೆಂದರೆ ಕಂಸಾಳೆ, ಲಾವಣಿ, ಡೊಳ್ಳಿನ ಪದ. ಊರ ಮುಂದೆ ಹಾಡಿದರೆ ಊರ ಹಿಂದಕ್ಕೆ ಕೇಳಬೇಕು. ಮೆಲ್ಲಗೆ ಹಾಡುವ ಜಾನಪದ ಎಲ್ಲಿ ಬಂತು?” ಎಂದೆವು.

“ನಿಮ್ಮ ಅಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದುದು ಯಾರಿಗೆ ಕೇಳಲಿ ಎಂದು?” ಎಂದಳು ನಮ್ಮ ಗೃಹಿಣಿ. ನಮ್ಮಲ್ಲಿ ಉತ್ತರವಿರಲಿಲ್ಲ.

ಪ್ರವೇಶಧನ ತಲೆಗೆ 25 ಡಾಲರು. ನಮ್ಮ ಹಣದಲ್ಲಿ 2,000 ರೂಪಾಯಿಗೆ ಮಿಕ್ಕಿತು. ಮೂವರಿಗೆ ಎಷ್ಟಾಯಿತೆಂಬ ಲೆಕ್ಕವನ್ನು ಬಾಯಿ ಬಿಟ್ಟು ಮಾಡಬಾರದೆಂದು ಮಗಳು ಮೊದಲೇ ಕಟ್ಟುಮಾಡಿದ್ದಳು, ಮನಸ್ಸಿನಲ್ಲಿ ಮಾಡಿಕೊಂಡೆವು.

ನೆಲದೊಳಗಿನ ರೈಲಿನಲ್ಲಿ ಹೋಗಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಬಳಿಯ ಚೌಕದಲ್ಲಿ ಇಳಿದು, ಪಾಮರ್ ಬೀದಿಯೆಂಬ ಒಂದು ಸಂದಿಯನ್ನು ಹೊಕ್ಕೆವು. ಅಲ್ಲಿ ಕೆಲವು ಮೆಟ್ಟಿಲು ಕೆಳಗಿಳಿದರೆ ಪಾಸಿಮ್ ಎಂಬ ಸ್ಥಳ. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದಕ್ಕೆ ಎಲ್ಲೆಡೆಯಲ್ಲಿಯೂ ಎಂದರ್ಥ. ಗ್ರಂಥಗಳ ಅಡಿಟಿಪ್ಪಣಿಗಳಲ್ಲಿ ಬರುತ್ತದೆ. ನಮ್ಮ ವ್ಯಾಖ್ಯಾನಕಾರರ ‘ತತ್ರ ತತ್ರ’ ಎಂಬಂತೆ. ಹಾಡುವ ಮನೆಗೆ ಅಡಿಟಿಪ್ಪಣಿಯ ಹೆಸರಿಟ್ಟಿರುವುದು ನಮಗೆ ಬಹಳ ಹಿಡಿಸಿತು.

ಸ್ಥಳದ ಪೂರ್ವಚರಿತ್ರೆಯೂ ಸ್ವಾರಸ್ಯವಾದುದು. 1958ರಲ್ಲಿ ಇಬ್ಬರು ತರುಣಿಯರು ಸಮೀಪದ ಇನ್ನೊಂದು ಬೀದಿಯ 47ನೆಯ ನಂಬರಿನ ಮಳಿಗೆಯಲ್ಲಿ ‘ಕ್ಲಬ್ 47’ ಎಂಬ ಕಾಫಿಯ ಅಂಗಡಿಯನ್ನು ತೆರೆದು, ಜಾಸ್ ವಾದ್ಯಗಾರರನ್ನು ಕೂರಿಸಿದರು. ಆ ವರ್ಷವೇ ಜೋನ್ ಬಾಯೆಜ್ ಎಂಬ 17 ವರ್ಷದ ಹುಡುಗಿಯು ಅಲ್ಲಿ ಹಾಡಿದಳು. ಆಮೇಲೆ ಅಂಗಡಿಯು ಜಾನಪದ ಗೀತಗಳ ಮನೆಯಾಗಿಬಿಟ್ಟಿತು. 2016ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ಬಾಬ್ ಡಿಲನ್ನನು ತನ್ನ ಆರಂಭದ ದಿನಗಳಲ್ಲಿ ಇಲ್ಲಿ ಇತರರ ಹಾಡುಗಳ ನಡುವಣ ಬಿಡುವಿನಲ್ಲಿ ಹಾಡುತ್ತಿದ್ದನೆಂದು ಹೇಳುತ್ತಾರೆ. 1963ರಲ್ಲಿ ಪಾಮರ್ ಬೀದಿಗೆ ಬಂದು, 1968ರಲ್ಲಿ ಮುಚ್ಚಿ, ಮರುವರ್ಷ ಪಾಸಿಮ್ ಎಂಬ ಹೆಸರಿನಿಂದ ಬೇರೊಬ್ಬ ದಂಪತಿಗಳ ಕೈಯಲ್ಲಿ ತೆರೆದು, ಲಾಭವಿಲ್ಲದ ಸಂಸ್ಥೆಯಾಗಿ ಈಗಲೂ ನಡೆಯುತ್ತಿದೆ.

ಇಷ್ಟು ಕೀರ್ತಿಯನ್ನು ಕೇಳಿ ಹೋದವರಿಗೆ ಒಳಗೆ ಕಾಣುವುದೇನು? ನಮ್ಮ ಶಾಲೆಯ ಎರಡು ತರಗತಿಯ ಕೊಠಡಿಗಳನ್ನು ಕೂಡಿಸಿದಷ್ಟು ಜಾಗ, ತಗ್ಗಾದ ಚಾವಣಿ, ಚಿಕ್ಕ ಚಿಕ್ಕ ಮೇಜುಗಳು, ನೂರಕ್ಕೆ ತುಸು ಹೆಚ್ಚು ಜನರು ಹಿಡಿಸಬಹುದು. ವೇದಿಕೆಯು ನೆಲದಿಂದ ಒಂದು ಗೇಣು ಎತ್ತರ. ನಮಗೆ ಸಿಕ್ಕಿದ ಮೇಜಿನಿಂದ ಹಾಡುವವರ ಪಾದಕ್ಕೆ ಎರಡು ಮಾರು ದೂರವಿರಲಿಲ್ಲ. ಜನರು ತಿನ್ನುತ್ತ ಕುಡಿಯುತ್ತ ಮಾತಾಡುತ್ತ ಇದ್ದರು. ಊಟದ ಮನೆಯಲ್ಲಿ ಸಂಗೀತವೆ ಎಂದು ನಾವು ಮುಖವನ್ನು ಕಿರಿದು ಮಾಡಿಕೊಂಡೆವು. ನಮ್ಮಲ್ಲಿ ಮದುವೆಯ ಮನೆಯ ಕಚೇರಿಯ ಪಾಡು ಏನೆಂಬುದನ್ನು ಆಗ ಮರೆತಿದ್ದೆವು.

ಹಾಡುವವಳು ಬಂದಳು. ಮೂವತ್ತರ ಆಸುಪಾಸಿನ ಹೆಂಗಸು; ಮನೆಯಲ್ಲಿ ತೊಡುವಂತಹ ಹಳೆಯ ಉಣ್ಣೆಯ ಅಂಗಿ; ಕೈಯಲ್ಲಿ ಗಿಟಾರು. ಜೊತೆಗೆ ಪಿಟೀಲು ನುಡಿಸುವ ಒಬ್ಬ ತರುಣ. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. ಗಿಟಾರಿನ ಕೊರಳಿಗೆ ಒಂದು ಚಿಕ್ಕ ಹಿಡಿಕೆಯನ್ನು ಸಿಕ್ಕಿಸಿ, ಶ್ರುತಿ ಮಾಡಿಕೊಳ್ಳುತ್ತ, ಆ ದಿನ ದಾರಿಯಲ್ಲಿ ಗಾಡಿ ಕೆಟ್ಟ ಕಥೆಯನ್ನು ಹೇಳಿ ನಗಿಸಿ, ನಗೆ ಅಡಗುವುದರೊಳಗೆ ಹಾಡನ್ನು ಆರಂಭಿಸಿಬಿಟ್ಟಳು.

ದನಿ ಎಷ್ಟು ಸಣ್ಣದೆಂದರೆ ನಾವು ಕಿವಿಯ ಮೇಲಿನ ಉಣ್ಣೆಯ ಟೊಪ್ಪಿಗೆಯನ್ನು ತೆಗೆದೆವು.

ಇಲ್ಲಿ ನಮ್ಮ ಪೂರ್ವಗ್ರಹವನ್ನು ಹೇಳಿಕೊಳ್ಳಬೇಕು. ನಾವು ಬೆಳೆದದ್ದು ಎತ್ತಿದ ಕಂಠದ ಲೋಕದಲ್ಲಿ. ಊರಿನ ಬಯಲಾಟದವರು, ಹರಿಕಥೆಯ ದಾಸರು, ಪಾಠಶಾಲೆಯ ಗುರುಗಳು, ಎಲ್ಲರೂ ಹೊಟ್ಟೆಯಿಂದ ದನಿ ತೆಗೆಯುವವರು. ಅರವತ್ತು ಹುಡುಗರ ತರಗತಿಯಲ್ಲಿ ಕೊನೆಯ ಬೆಂಚಿನವನಿಗೆ ಧಾತುರೂಪವನ್ನು ಮುಟ್ಟಿಸಬೇಕಾದ ನಾವೂ ಹಾಗೆಯೇ ಆದೆವು. ಹಿಂದೆ ಹಾಡಿಕೆಗೂ ಇದೇ ನಿಯಮವಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತನ್ನ ಮೊದಲ ಗ್ರಾಮಫೋನು ತಟ್ಟೆಗಳಿಗೆ ಹಾಡಿದಾಗ, ಮೈಕೆಂಬುದಿಲ್ಲದೆ, ಒಂದು ದೊಡ್ಡ ಕಹಳೆಯ ಬಾಯಿಗೆ ಗಟ್ಟಿಯಾಗಿ ಕೂಗಿ ಹಾಡಬೇಕಾಗಿತ್ತು. 1925ರಲ್ಲಿ ವಿದ್ಯುತ್ತಿನ ಮುದ್ರಣವು ಬಂದ ಮೇಲೆಯೇ ತುಟಿಯ ಬಳಿಯ ಉಸಿರು, ಮಾತಿನ ನಡುವಣ ನಡುಕ, ಇವು ಸಾವಿರ ಮಂದಿಯ ಕಿವಿಯನ್ನು ಮುಟ್ಟುವಂತಾದದ್ದು. ಆದುದರಿಂದ ಸಣ್ಣ ದನಿಯ ಸಂಗೀತವೆಂದರೆ ಯಂತ್ರದ ಸಂತಾನ, ಮೈಕನ್ನು ತೆಗೆದರೆ ಮುಗಿಯಿತು, ಎಂಬುದು ನಮ್ಮ ಸಿದ್ಧಾಂತವಾಗಿತ್ತು.

ಪಾಣಿನೀಯ ಶಿಕ್ಷೆಯಲ್ಲಿ ಆರು ಮಂದಿ ಅಧಮ ಪಾಠಕರನ್ನು ಎಣಿಸಿದ್ದಾರೆ. ರಾಗವೆಳೆದು ಓದುವವನು, ಅವಸರದಲ್ಲಿ ಓದುವವನು, ತಲೆಯಾಡಿಸುವವನು, ಬರೆದುದನ್ನು ನೋಡಿ ಓದುವವನು, ಅರ್ಥವರಿಯದವನು, ಆರನೆಯವನು ಅಲ್ಪಕಂಠ. ಮೊದಲ ಹಾಡು ಮುಗಿಯುವುದರೊಳಗೆ ನಾವು ಹಳೆಯ ಅಭ್ಯಾಸದಂತೆ ಗುರುತು ಹಾಕಿದೆವು. ಈಕೆ ರಾಗವೆಳೆಯುತ್ತಾಳೆ, ಅದು ಹಾಡುವವಳ ಧರ್ಮ, ಇರಲಿ. ತಲೆಯಾಡಿಸುತ್ತಾಳೆ. ಪಾದದ ಬಳಿ ಅಂಟಿಸಿದ ಚೀಟಿಯನ್ನು ನೋಡುತ್ತಾಳೆ. ದನಿಯಂತೂ ಇಲ್ಲವೇ ಇಲ್ಲ. ಆರರಲ್ಲಿ ನಾಲ್ಕು.

ಎರಡನೆಯ ಹಾಡಿನಲ್ಲಿ ಗಿಟಾರನ್ನು ಗಮನಿಸಿದೆವು. ತಂತಿಗಳು ಆರು. ಹೆಬ್ಬೆರಳು ಕೆಳದನಿಯ ದಪ್ಪ ತಂತಿಗಳನ್ನು ಬಿಡುವಿಲ್ಲದೆ ಒಂದೇ ಸಮನೆ ಮೀಟುತ್ತಿತ್ತು. ಉಳಿದ ಬೆರಳುಗಳು ಮೇಲೆ ಬೇರೆಯದನ್ನೇ ಹೆಣೆಯುತ್ತಿದ್ದವು. ಹೆಬ್ಬೆರಳಿನದು ತಂಬೂರಿಯ ಕೆಲಸವಲ್ಲದೆ ಮತ್ತೇನು? ಇದು ಹೊಳೆದ ಮೇಲೆ ನಮಗೆ ಕಾಲೂರಲು ಒಂದು ನೆಲ ಸಿಕ್ಕಂತಾಯಿತು. ಪಿಟೀಲಿನವನು ಎರಡು ಸಾಲಿನ ನಡುವೆ ಮಾತ್ರ ಕಮಾನೆಳೆದು, ಅವಳು ಬಾಯಿ ತೆರೆಯುವ ಮುನ್ನವೇ ಹಿಂದೆ ಸರಿಯುತ್ತಿದ್ದನು. ಹಾಡುಗಳು ಬಾಡಿಗೆಮನೆಯನ್ನು ಖಾಲಿ ಮಾಡುವುದು, ಆಸ್ಪತ್ರೆಯಲ್ಲಿರುವ ತಂದೆಗೆ ಕ್ಷೌರ ಮಾಡುವುದು, ಇಂತಹ ಸಣ್ಣ ಸಂಗತಿಗಳವು. ನಮ್ಮ ಇಂಗ್ಲಿಷು ಕಿವಿಗಿಂತ ಕಣ್ಣಿಗೆ ಹೊಂದಿದ್ದು; ಆ ದೇಶದ ಉಚ್ಚಾರವು ದಿನದಲ್ಲಿ ಹತ್ತು ಸಲ ನಮ್ಮನ್ನು ಸೋಲಿಸುತ್ತಿತ್ತು. ಆದರೆ ಇವಳ ಒಂದೊಂದು ಮಾತೂ ತಿಳಿಯಿತು. ಅಕ್ಷರಗಳನ್ನು ಉಚ್ಚರಿಸುವ ಬಗೆಗೆ ಅದೇ ಶಿಕ್ಷೆಯಲ್ಲಿ ಒಂದು ಉಪಮೆಯುಂಟು: ಹೆಣ್ಣು ಹುಲಿಯು ಮರಿಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೋಗುವಾಗ ಬೀಳಿಸುವುದೂ ಇಲ್ಲ, ನೋಯಿಸುವುದೂ ಇಲ್ಲ, ಅಕ್ಷರಗಳನ್ನು ಹಾಗೆ ಹಿಡಿಯಬೇಕು. ಮೂವತ್ತು ವರ್ಷ ಇದನ್ನು ಹುಡುಗರಿಗೆ ಹೇಳಿದ್ದೆವು. ಕಣ್ಣ ಮುಂದೆ ಕಂಡದ್ದು ಆ ಸಾಯಂಕಾಲ.

ಮಗಳು ನಮ್ಮ ಪಕ್ಕದಲ್ಲಿ ಕುಳಿತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ಹಾಡುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ದನಿ ಮಾತ್ರ ಹೊರಗೆ ಬರುತ್ತಿರಲಿಲ್ಲ.

ಕಡೆಯಲ್ಲಿ ಆಕೆಯು ಗಿಟಾರನ್ನು ಕೆಳಗಿಟ್ಟಳು. ಮೈಕನ್ನು ಬಿಟ್ಟು ವೇದಿಕೆಯಿಂದಿಳಿದು, ಮೇಜುಗಳ ನಡುವಣ ಕಿರುದಾರಿಯಲ್ಲಿ ಬಂದು ನಿಂತಳು. ಇನ್ನು ಹಾಡುವುದು ತನ್ನದಲ್ಲ, ಬಹಳ ಹಳೆಯದು ಎಂದು ಹೇಳಿ, ಬಾರ್ಬರಾ ಆಲನ್ ಎಂಬ ಹೆಣ್ಣಿನ ಕಥನಗೀತವನ್ನು ಎತ್ತಿಕೊಂಡಳು. 1666ರಲ್ಲಿಯೇ ಸ್ಯಾಮ್ಯುಯೆಲ್ ಪೀಪ್ಸನು ಇದನ್ನು ಕೇಳಿ ಸಂತೋಷಪಟ್ಟುದಾಗಿ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಇಂತಹ 305 ಕಥನಗೀತಗಳನ್ನು ಪಾಠಾಂತರಗಳ ಸಮೇತ ಸಂಪಾದಿಸಿ 1882ರಿಂದ 1898ರವರೆಗೆ ಭಾಗಭಾಗವಾಗಿ ಪ್ರಕಟಿಸಿದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬ ಪಂಡಿತನು ಇದೇ ಹಾರ್ವರ್ಡಿನ ಪ್ರಾಧ್ಯಾಪಕ, ಹಡಗಿನ ಹಾಯಿ ಹೊಲಿಯುವವನ ಮಗ. ಅವನು ಹೆಚ್ಚಾಗಿ ನಂಬಿದ್ದು ಹಸ್ತಪ್ರತಿಗಳನ್ನು. ನಮ್ಮ ಜಾತಿಯವನೇ ಎನ್ನಬೇಕು. ಅವನು ಪಾಠ ಹೇಳಿದ ಕೊಠಡಿಗಳಿಗೂ ನಾವು ಕುಳಿತಿದ್ದ ನೆಲಮಾಳಿಗೆಗೂ ಕೂಗಳತೆಯ ದೂರ.

ಕಥೆ ಇಷ್ಟೆ. ಮರಣಶಯ್ಯೆಯಲ್ಲಿರುವ ತರುಣನು ಬಾರ್ಬರಾಳನ್ನು ಕರೆಸಿಕೊಳ್ಳುತ್ತಾನೆ. ಅವಳು ನಿಧಾನವಾಗಿ ಬಂದು, ಹಾಸಿಗೆಯ ಪಕ್ಕದಲ್ಲಿ ನಿಂತು, ನೀನು ಸಾಯುತ್ತಿರುವೆಯೆಂದು ತೋರುತ್ತದೆ ಎಂದಷ್ಟೇ ಹೇಳುತ್ತಾಳೆ. ಹಿಂದಿರುಗುವ ದಾರಿಯಲ್ಲಿ ಸಾವಿನ ಗಂಟೆ ಕೇಳಿಸುತ್ತದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೇಳುವವನೇ ಇಲ್ಲ.

ಮೈಕಿಲ್ಲ, ಶ್ರುತಿಯಿಲ್ಲ, ಆ ಸಣ್ಣ ದನಿಯೊಂದೇ. ನಮ್ಮ ಸಿದ್ಧಾಂತದ ಪ್ರಕಾರ ಇಲ್ಲಿಗೆ ಮುಗಿಯಬೇಕಾಗಿತ್ತು. ಆದದ್ದೇ ಬೇರೆ. ತಟ್ಟೆಗಳನ್ನು ಹೊತ್ತು ಬರುತ್ತಿದ್ದ ಪರಿಚಾರಕನು ಇದ್ದಲ್ಲಿಯೇ ನಿಂತನು. ಯಾರೋ ಲೋಟವನ್ನು ಮೇಜಿನ ಮೇಲಿಡಲು ಹೋದವರು ಇಡದೆ ಕೈಯಲ್ಲಿಯೇ ಹಿಡಿದುಕೊಂಡರು. ಒಳಗಡೆ ಅಡಿಗೆಮನೆಯ ಶೀತಕಪಾಟಿನ ಗುಂಯ್ ಎಂಬ ಸದ್ದು ಕೇಳಿಸುತ್ತಿತ್ತು. ಅದರ ಮೇಲೆ ಅವಳ ಹಾಡು ಕೇಳಿಸುತ್ತಿತ್ತು. ನೂರು ಜನರು ತಮ್ಮ ಸದ್ದನ್ನು ಒಬ್ಬಳಿಗಾಗಿ ಕಡಿಮೆ ಮಾಡಿಕೊಂಡಿದ್ದರು. ಕೊನೆಯ ಮೇಜಿನವರಿಗೂ ಕೇಳಿಸಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ.

2009ರ ಮಾತು. ಮಗಳಿಗೆ ಆಗ 13 ವರ್ಷ. ನಾವು ಪಾಠ ಹೇಳುತ್ತಿದ್ದ ಶಾಲೆಯಲ್ಲಿಯೇ ಓದುತ್ತಿದ್ದಳು. ನಾಲ್ಕು ವರ್ಷದಿಂದ ನಮ್ಮ ಬೀದಿಯ ಒಬ್ಬ ಸಾಧ್ವಿಯರಲ್ಲಿ ಸಂಗೀತವನ್ನು ಕಲಿಯುತ್ತಿದ್ದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳ ದೇವರನಾಮ. ಪಲ್ಲವಿ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಅವಳು ನಿಲ್ಲಿಸಲಿಲ್ಲ; ಕಣ್ಣು ಮುಚ್ಚಿ ಅದೇ ದನಿಯಲ್ಲಿ ಹಾಡುತ್ತಲೇ ಇದ್ದಳು. ಹಿಂದಿನ ಸಾಲಿನ ಹುಡುಗರು “ಕೇಳ್ಸಲ್ಲ, ಕೇಳ್ಸಲ್ಲ” ಎಂದು ತಾಳ ಹಾಕಿ ಕೂಗಲು ತೊಡಗಿದರು. ಸಭೆಯೆಲ್ಲ ನಕ್ಕಿತು. ಮುಖ್ಯ ಅತಿಥಿಗಳ ಪಕ್ಕದಲ್ಲಿ ಕುಳಿತಿದ್ದ ನಮಗೆ ತಲೆ ತಗ್ಗಿಸುವಂತಾಯಿತು. ಚರಣವೆರಡನ್ನೂ ಮುಗಿಸಿಯೇ ಅವಳು ಇಳಿದಳು. ಮನೆಗೆ ಬಂದ ಮೇಲೆ, “ಶಾಸ್ತ್ರದಲ್ಲಿ ಇಂಥವರಿಗೊಂದು ಹೆಸರಿದೆ. ಅಲ್ಪಕಂಠ. ಸಭೆಗೆ ಹೇಳಿಸಿದ ಗಂಟಲಲ್ಲ ಇದು, ಆ ಹೊತ್ತನ್ನು ಗಣಿತಕ್ಕೆ ಕೊಡು” ಎಂದೆವು. ಅವಳಿಗೆ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂಸ್ಕೃತವನ್ನು ಕಲಿಸಿದವರು ನಾವೇ. ಮರುದಿನದಿಂದ ಪಾಠಕ್ಕೆ ಹೋಗಲಿಲ್ಲ. ಶ್ರುತಿಪೆಟ್ಟಿಗೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವಳು ಅವಳೇ. ನಾವು ಅದನ್ನು ವಿಧೇಯತೆಯೆಂದು ತಿಳಿದು ನಾಲ್ಕು ಜನರಲ್ಲಿ ಹೇಳಿಕೊಂಡೂ ಇದ್ದೆವು.

ಪಾಸಿಮ್ಮಿನ ಆ ಮೌನದಲ್ಲಿ ಎರಡು ವಿಷಯಗಳು ನಮ್ಮ ಬುದ್ಧಿಗೆ ಬಂದುವು. ಮೊದಲನೆಯದು ಪಂಡಿತನ ನಾಚಿಕೆ. ಶಿಕ್ಷೆಯಲ್ಲಿ ಹೇಳಿದ್ದು ಪಾಠಕರನ್ನು ಕುರಿತು, ಗಾಯಕರನ್ನು ಕುರಿತಲ್ಲ. ಅಲ್ಲದೆ ಆರು ದೋಷಗಳನ್ನು ಹೇಳಿದ ಆ ಗ್ರಂಥವು ಆರು ಗುಣಗಳನ್ನೂ ಹೇಳಿದೆ: ಇಂಪು, ಅಕ್ಷರಗಳ ಸ್ಪಷ್ಟತೆ, ಪದಗಳನ್ನು ಬಿಡಿಸಿ ನುಡಿಯುವುದು, ಒಳ್ಳೆಯ ಸ್ವರ, ಧೈರ್ಯ, ಲಯ. ಗಟ್ಟಿಯಾದ ದನಿಯೆಂಬುದು ಆ ಪಟ್ಟಿಯಲ್ಲಿಲ್ಲ. ಧೈರ್ಯವೆಂಬುದಿದೆ. ಕರೆಂಟು ಹೋದಾಗ ಹಾಡನ್ನು ನಿಲ್ಲಿಸದ ಹುಡುಗಿಗೆ ನಾವು ಆರರಲ್ಲಿ ಎಷ್ಟು ಅಂಕ ಕೊಡಬೇಕಾಗಿತ್ತು?

ಎರಡನೆಯದು ಇನ್ನೂ ಸರಳವಾದುದು. ಆ ಶಾಲೆಯಲ್ಲಿ ಹುಡುಗರ ಶಿಸ್ತಿನ ಹೊಣೆ ನಮ್ಮದಾಗಿತ್ತು. ನಾವು ಎದ್ದು ಒಮ್ಮೆ ಹಿಂದಿರುಗಿ ನೋಡಿದ್ದರೆ ಸಾಕಾಗಿತ್ತು. ಹಿಂದಿನ ಸಾಲು ಉಸಿರೆತ್ತುತ್ತಿರಲಿಲ್ಲ. ಅತಿಥಿಗಳ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ಕುಳಿತೆವೇ ಹೊರತು ಏಳಲಿಲ್ಲ.

ಹಾಡು ಮುಗಿದಾಗ ಕ್ಷಣಕಾಲ ಯಾರೂ ಕೈ ತಟ್ಟಲಿಲ್ಲ, ಆಮೇಲೆ ತಟ್ಟಿದರು. ಹಾಡಿದವಳು ಬಾಗಿಲ ಬಳಿ ತಾನೇ ಮೇಜು ಹಾಕಿಕೊಂಡು ಕುಳಿತು ತನ್ನ ಧ್ವನಿಮುದ್ರಿಕೆಗಳನ್ನು ಮಾರುತ್ತಿದ್ದಳು. ನಮ್ಮ ಗೃಹಿಣಿಯು, ಮನೆಯಲ್ಲಿ ಅದನ್ನು ಹಾಕುವ ಯಂತ್ರವಿಲ್ಲವೆಂದು ಗೊತ್ತಿದ್ದೂ, ಲೆಕ್ಕವನ್ನೂ ಕೇಳದೆ, ಒಂದನ್ನು ಕೊಂಡಳು. ಹಾಡಿದವಳೊಡನೆ ಕನ್ನಡದಲ್ಲಿಯೇ “ಚೆನ್ನಾಗಿತ್ತಮ್ಮ” ಎಂದಳು. ಆಕೆಗೆ ಅರ್ಥವಾದಂತೆ ಕಂಡಿತು.

ಹೊರಗೆ ಚಳಿ. ರೈಲಿನ ಕಡೆಗೆ ನಡೆಯುತ್ತಿದ್ದಾಗ ನಾವು ಮಗಳಿಗೆ, “ಆ ಹುಡುಗರನ್ನು ಸುಮ್ಮನಿರಿಸಬೇಕಾಗಿತ್ತು, ಪುಟ್ಟಿ” ಎಂದೆವು.

ಯಾವ ಹುಡುಗರು ಎಂದು ಅವಳು ಕೇಳಲಿಲ್ಲ. ನಾಲ್ಕು ಹೆಜ್ಜೆ ನಡೆದ ಮೇಲೆ, “ಕಿವಿಗೆ ಟೊಪ್ಪಿಗೆ ಹಾಕಿಕೊಳ್ಳಿ ಅಪ್ಪ, ಗಾಳಿ ಏಳುತ್ತಿದೆ” ಎಂದಳು. ನಮ್ಮ ಗೃಹಿಣಿಯು ಅವಳ ಕೈಯನ್ನು ಹಿಡಿದುಕೊಂಡು ಮುಂದೆ ನಡೆದಳು.

ಮರುದಿನ ಭಾನುವಾರ. ಬೆಳಿಗ್ಗೆ ನಾವು ನಡುಮನೆಯಲ್ಲಿ ಪತ್ರಿಕೆಯನ್ನು ಹಿಡಿದು ಕುಳಿತಿದ್ದೆವು. ಮಗಳು ಒಳಗೆ ಕಾಫಿಗೆ ನೀರಿಟ್ಟಿದ್ದಳು. ಒಲೆಯ ಮೇಲಣ ಹೊಗೆಯೆಳೆಯುವ ಫ್ಯಾನು ಸದ್ದು ಮಾಡುತ್ತಿತ್ತು. ಅದರ ನಡುನಡುವೆ ಏನೋ ಗುನುಗಿದಂತೆ ಕೇಳಿಸಿತು. ನಾವು ಎದ್ದು ಹೋಗಿ ಫ್ಯಾನನ್ನು ನಿಲ್ಲಿಸಿದೆವು. ಅವಳು ತಿರುಗಿ ನೋಡಿದಳು, ಗುನುಗುವುದೂ ನಿಂತಿತು. ಏನು ಹೇಳುವುದಕ್ಕೂ ತೋಚದೆ, ನೀರು ಬೇಕಾಗಿತ್ತೆಂದು ಹೇಳಿ, ಲೋಟವನ್ನು ತುಂಬಿಕೊಂಡು ಹಿಂದಿರುಗಿ ಬಂದು ಕುಳಿತೆವು.

ಸ್ವಲ್ಪ ಹೊತ್ತಾಯಿತು. ಫ್ಯಾನನ್ನು ಅವಳು ಮತ್ತೆ ಹಾಕಲಿಲ್ಲ. ಪಾತ್ರೆಯಲ್ಲಿ ನೀರು ಕುದಿಯುವ ಸದ್ದು ಕೇಳಿಸುತ್ತಿತ್ತು. ಆಮೇಲೆ, ಬಹಳ ಮೆಲ್ಲಗೆ, ಆ ದೇವರನಾಮದ ಪಲ್ಲವಿ ಕೇಳಿಸಿತು. ನಾವು ಪತ್ರಿಕೆಯ ಪುಟವನ್ನು ಮಗುಚಲಿಲ್ಲ.